ಅಚ್ಚುಕೂಟದ ಯಜಮಾನಿಕೆ

ಹಳೆಯ ಕನ್ನಡ ಪುಸ್ತಕವೊಂದನ್ನು ಕೈಗೆತ್ತಿಕೊಂಡವರ ಕಣ್ಣು ಮೊದಲು ಕೃತಿಯ ಹೆಸರಿನ ಮೇಲೆ, ಆಮೇಲೆ ಕರ್ತೃವಿನ ಹೆಸರಿನ ಮೇಲೆ ಬೀಳುತ್ತದೆ. ತುಸು ಕುತೂಹಲಿಗಳು ಪ್ರಕಾಶಕರಾರೆಂದು ನೋಡುತ್ತಾರೆ. ಕೈ ಬಿಗಿಯಾದವರು ಬೆಲೆಯನ್ನು ನೋಡುತ್ತಾರೆ. ಮುಖಪುಟದ ಬೆನ್ನಿಗೋ, ಕಡೆಯ ಪುಟದ ತೀರ ಅಡಿಯಲ್ಲೋ ಸಣ್ಣ ಮೊಳೆಗಳಲ್ಲಿ ಇನ್ನೂ ಒಂದು ಹೆಸರು ಇರುತ್ತದೆ. ಅದು ಮುದ್ರಕನದು. ಅದನ್ನು ಓದುವವರನ್ನು ನಾನು ಹೆಚ್ಚಾಗಿ ಕಂಡಿಲ್ಲ. ತಂದೆಯವರ ಕಾಲದಿಂದ ಬಂದ ಒಂದು ಸಣ್ಣ ಅಚ್ಚುಕೂಟವನ್ನು ಜಿಲ್ಲಾ ಕೇಂದ್ರವೊಂದರಲ್ಲಿ ಬಹುಕಾಲ ನಡೆಸಿದವನಾದ್ದರಿಂದ ನನ್ನ ಕಣ್ಣು ಮಾತ್ರ ಇಂದಿಗೂ ಮೊದಲು ಅಲ್ಲಿಗೇ ಹೋಗುತ್ತದೆ.

ಆ ಹೆಸರು ಅಲ್ಲಿ ಕುಳಿತದ್ದು ಮುದ್ರಕನ ಅಭಿಮಾನದಿಂದಲ್ಲ, ಸರ್ಕಾರದ ಅಪ್ಪಣೆಯಿಂದ. 1857ರ ನೆನಪು ಆಳುವವರ ಮನಸ್ಸಿನಲ್ಲಿ ಇನ್ನೂ ಹಸಿಯಾಗಿದ್ದಾಗ, 1867ರಲ್ಲಿ, ಮುದ್ರಣಾಲಯಗಳ ಮತ್ತು ಪುಸ್ತಕ ನೋಂದಣಿಯ ಕಾಯಿದೆ ಜಾರಿಗೆ ಬಂತು. ಅದರಂತೆ ಅಚ್ಚಿನ ಯಂತ್ರವನ್ನು ಇಟ್ಟುಕೊಂಡವನು ಮ್ಯಾಜಿಸ್ಟ್ರೇಟರ ಮುಂದೆ ನಿಂತು, ಇಂಥ ಊರಿನ ಇಂಥ ಸ್ಥಳದಲ್ಲಿ ನನ್ನದೊಂದು ಮುದ್ರಣಾಲಯವಿದೆಯೆಂದು ಘೋಷಣೆ ಮಾಡಬೇಕು. ಅಲ್ಲಿ ಅಚ್ಚಾಗುವ ಪ್ರತಿಯೊಂದು ಪುಸ್ತಕದ ಮೇಲೂ ಮುದ್ರಕನ ಹೆಸರು, ಮುದ್ರಣದ ಸ್ಥಳ ಇರಬೇಕು. ಪುಸ್ತಕ ಹೊರಬಿದ್ದ ಒಂದು ತಿಂಗಳೊಳಗೆ ಸರ್ಕಾರಕ್ಕೆ ಪ್ರತಿಗಳನ್ನು ಒಪ್ಪಿಸಬೇಕು. ತಪ್ಪಿದರೆ ದಂಡ, ಹೆಸರನ್ನು ಮರೆಸಿದರೆ ಸೆರೆವಾಸವೂ ಉಂಟು. ಬಂದೂಕು ಇಟ್ಟುಕೊಂಡವನೂ ಮೊಳೆ ಇಟ್ಟುಕೊಂಡವನೂ ಸರ್ಕಾರದ ಕಣ್ಣಿಗೆ ದಾಯಾದಿಗಳಾದರು.

ಈ ಗುಮಾನಿಯಿಂದ ಒಂದು ಉಪಕಾರವೂ ಆಯಿತೆನ್ನಬೇಕು. ಹೀಗೆ ಬಂದ ಪುಸ್ತಕಗಳ ಪಟ್ಟಿಯನ್ನು ಆಯಾ ಪ್ರಾಂತ್ಯದ ಸರ್ಕಾರ ಮೂರು ತಿಂಗಳಿಗೊಮ್ಮೆ ತನ್ನ ಗೆಜೆಟ್ಟಿನಲ್ಲಿ ಪ್ರಕಟಿಸಬೇಕಾಗಿತ್ತು. ಕೃತಿಯ ಹೆಸರು, ಭಾಷೆ, ವಿಷಯ, ಮುದ್ರಕನ ಹೆಸರು, ಪುಟಗಳೆಷ್ಟು, ಅಳತೆಯೆಷ್ಟು, ಎಷ್ಟನೆಯ ಆವೃತ್ತಿ, ಎಷ್ಟು ಪ್ರತಿ, ಕಲ್ಲಚ್ಚೋ ಮೊಳೆಯಚ್ಚೋ, ಬೆಲೆಯೆಷ್ಟು ಎಂಬುದೆಲ್ಲ ಅದರಲ್ಲಿ ಬರುತ್ತಿತ್ತು. ಕಳೆದುಹೋದ ಎಷ್ಟೋ ಯಕ್ಷಗಾನ ಪ್ರಸಂಗಗಳು, ಪಂಚಾಂಗಗಳು, ಹಾಡಿನ ಪುಸ್ತಕಗಳು ಒಂದು ಕಾಲದಲ್ಲಿ ಇದ್ದವೆಂಬುದಕ್ಕೆ ಆ ಪಟ್ಟಿಗಳೇ ಸಾಕ್ಷಿ. ಯಾರೋ ಒಬ್ಬ ಮುದ್ರಕ ದಂಡಕ್ಕೆ ಹೆದರಿ ಪ್ರತಿಯನ್ನು ಕಚೇರಿಗೆ ಮುಟ್ಟಿಸಿದ್ದರ ಫಲ ಅದು.

ಮುದ್ರಕನ ಹೆಸರಿನ ಮಾತು ಬಂದಾಗ ನನಗೆ ಜರ್ಮನಿಯ ಮೈನ್ಸ್ ಪಟ್ಟಣದ ನೆನಪಾಗುತ್ತದೆ. ಬಿಡಿ ಮೊಳೆಗಳಿಂದ ಅಚ್ಚು ಹಾಕುವುದನ್ನು ಯುರೋಪಿಗೆ ತೋರಿಸಿಕೊಟ್ಟ ಗುಟೆನ್‌ಬರ್ಗ್ ಬಂಡವಾಳಕ್ಕಾಗಿ ಯೋಹಾನ್ ಫುಸ್ಟ್ ಎಂಬ ಸಾಹುಕಾರನಿಂದ ಎರಡು ಸಲ ಎಂಟೆಂಟು ನೂರು ಗಿಲ್ಡರುಗಳ ಸಾಲ ಎತ್ತಿದ್ದ. ಬೈಬಲ್ಲಿನ ಕೆಲಸ ಮುಗಿಯುತ್ತಿದ್ದ ಸಮಯಕ್ಕೆ, 1455ರಲ್ಲಿ, ಸಾಹುಕಾರ ವ್ಯಾಜ್ಯ ಹೂಡಿದ, ಗುಟೆನ್‌ಬರ್ಗ್ ಸೋತ. ಅವನಲ್ಲಿ ಕೆಲಸಕ್ಕಿದ್ದ ಪೀಟರ್ ಷೋಫರ್ ಸಾಹುಕಾರನ ಪಾಲುದಾರನಾದ. ಎರಡು ವರ್ಷದ ಮೇಲೆ, 1457ರಲ್ಲಿ, ಅವರಿಬ್ಬರು ಹೊರತಂದ ಕೀರ್ತನ ಗ್ರಂಥವೇ ಮುದ್ರಕರ ಹೆಸರನ್ನೂ ತಾರೀಖನ್ನೂ ಹೊತ್ತ ಮೊದಲ ಯುರೋಪಿಯನ್ ಪುಸ್ತಕ. ಗುಟೆನ್‌ಬರ್ಗನ ಹೆಸರು ಅವನು ಅಚ್ಚು ಹಾಕಿದ, ನಮಗೆ ಉಳಿದಿರುವ ಯಾವ ಪುಸ್ತಕದಲ್ಲಿಯೂ ಇಲ್ಲ. ನಮ್ಮ ವೃತ್ತಿಯ ಮೂಲಪುರುಷನಿಗೇ ಸಾಲದಲ್ಲಿ ಯಂತ್ರ ಕೈಬಿಟ್ಟುಹೋಯಿತು. ತಿಂಗಳ ಕೊನೆಯಲ್ಲಿ ಕಾಗದದ ಅಂಗಡಿಯವರಿಂದ ಹೇಳಿಕೆ ಬಂದಾಗಲೆಲ್ಲ ನಾನು ಈ ಕಥೆಯನ್ನು ನೆನೆದು ಒಂದಿಷ್ಟು ಸಮಾಧಾನ ತಂದುಕೊಳ್ಳುತ್ತಿದ್ದೆ.

ಕನ್ನಡ ಲಿಪಿಯಲ್ಲಿ ಮೊಳೆಯಚ್ಚು ಕಂಡ ಮೊದಲ ಪುಸ್ತಕವೆಂದು ಸಾಮಾನ್ಯವಾಗಿ ಹೆಸರಿಸುವುದು ವಿಲಿಯಂ ಕೇರಿಯ ಕನ್ನಡ ವ್ಯಾಕರಣವನ್ನು. ಅದು ಹೊರಬಂದದ್ದು 1817ರಲ್ಲಿ, ಕನ್ನಡನಾಡಿನಿಂದ ಬಹು ದೂರದ ಬಂಗಾಳದ ಶ್ರೀರಾಮಪುರದಲ್ಲಿ. ಅದಕ್ಕೆ ಐದು ವರ್ಷ ಮೊದಲು, 1812ರ ಮಾರ್ಚಿಯಲ್ಲಿ, ಆ ಮುದ್ರಣಾಲಯಕ್ಕೆ ಬೆಂಕಿ ಬಿದ್ದು ಕಾಗದ, ಹಸ್ತಪ್ರತಿ, ಹಲವು ಭಾಷೆಗಳ ಮೊಳೆ ಎಲ್ಲವೂ ನಾಶವಾದವು. ಬೂದಿಯನ್ನು ಕೆದಕಿದಾಗ ಮೊಳೆಗಳ ಮೂಲವಾದ ಉಕ್ಕಿನ ಪಡಿಯಚ್ಚುಗಳು ಹಾಳಾಗದೆ ಸಿಕ್ಕವು. ಕರಗಿ ಹರಿದಿದ್ದ ಸೀಸವನ್ನೇ ಮತ್ತೆ ಎರಕ ಹೊಯ್ದು ಕೆಲವೇ ತಿಂಗಳಲ್ಲಿ ಕೆಲಸ ಮುಂದುವರಿಸಿದರು. ಕೇರಿಯ ಧೈರ್ಯವನ್ನು ಚರಿತ್ರೆಗಳು ಹೊಗಳುತ್ತವೆ, ಅದು ಸರಿಯೇ. ಆ ಉಕ್ಕನ್ನು ಕೊರೆಯುವ ವಿದ್ಯೆಯನ್ನು ಅಲ್ಲಿಗೆ ತಂದ ಪಂಚಾನನ ಕರ್ಮಕಾರನನ್ನೂ ಅವನ ಅಳಿಯ ಮನೋಹರನನ್ನೂ ಅಷ್ಟೇ ನೆನೆಯಬೇಕೆಂಬುದು ನನ್ನ ಪಕ್ಷ.

ಕಲ್ಲಚ್ಚಿಗೆ ಮೊಳೆಯ ಗೋಜಿಲ್ಲ. ಕೈಬರಹವನ್ನೇ ಕಲ್ಲಿಗೆ ಇಳಿಸಿ ಅಚ್ಚು ತೆಗೆಯಬಹುದು. ಬಾಸೆಲ್ ಮಿಷನ್ನಿನವರು 1841ರಲ್ಲಿ ಮಂಗಳೂರಿನಲ್ಲಿ ಆರಂಭಿಸಿದ್ದು ಅದರಿಂದಲೇ. 1843ರ ಜುಲೈ ಒಂದರಂದು ಹೊರಟ ‘ಮಂಗಳೂರ ಸಮಾಚಾರ’ವೂ ಕಲ್ಲಚ್ಚಿನ ಪತ್ರಿಕೆಯೇ. ಮರುವರ್ಷ ಹರ್ಮನ್ ಮೋಗ್ಲಿಂಗ್ ಅದನ್ನು ಮೊಳೆಯಚ್ಚಿಗಾಗಿ ಬಳ್ಳಾರಿಗೆ ಒಯ್ದು ‘ಕನ್ನಡ ಸಮಾಚಾರ’ವೆಂದು ಹೆಸರಿಟ್ಟ. ಪತ್ರಿಕೆಯ ಮೊದಲ ಹರಕೆಯೇ ಊರು ಬಿಡುವುದಾಯಿತು. ಮೊಳೆ ಇದ್ದಲ್ಲಿಗೆ ಮಾತು ಹೋಗಬೇಕು. ಮಾತು ಇದ್ದಲ್ಲಿಗೆ ಮೊಳೆ ಬರುವುದು ಅಷ್ಟು ಸುಲಭವಲ್ಲ. ಏಕೆಂದರೆ ಮೊಳೆಯೆಂದರೆ ಸೀಸ, ಅದರೊಡನೆ ತವರ ಮತ್ತು ಅಂಜನ. ತೂಕದ ಸರಕು, ತೂಕಕ್ಕೆ ತಕ್ಕ ಬೆಲೆ.

ಓದುವ ಮಹನೀಯರಿಗೆ ಈ ತೂಕದ ಲೆಕ್ಕವನ್ನು ಸ್ವಲ್ಪ ಬಿಡಿಸಿ ಹೇಳಬೇಕೆಂದು ನನಗೆ ಆಸೆ. ಜೋಡಿಸಿದ ಮೊಳೆ ನಾಲ್ಕು ಚದರಂಗುಲಕ್ಕೆ ಒಂದು ಪೌಂಡು ತೂಗುತ್ತದೆ ಎಂಬುದು ಮುದ್ರಕರ ಹಳೆಯ ಅಂದಾಜು. ನಮ್ಮ ಕಾದಂಬರಿಗಳ ರೂಢಿಯ ಅಳತೆಯಾದ ಕ್ರೌನ್ 1/8ರ ಪುಟದಲ್ಲಿ ಅಂಚನ್ನು ಬಿಟ್ಟರೆ ಅಕ್ಷರ ತುಂಬುವ ಜಾಗ ಮೂರೂವರೆ ಅಂಗುಲ ಅಗಲ, ಆರಂಗುಲ ಉದ್ದ. ಎಂದರೆ ಪುಟವೊಂದಕ್ಕೆ ಐದು ಪೌಂಡಿಗೂ ಮೇಲೆ. ಹದಿನಾರು ಪುಟದ ಒಂದು ಫಾರಂಗೆ 84 ಪೌಂಡು. 208 ಪುಟದ ಸಾಧಾರಣ ಕಾದಂಬರಿಗೆ ಹದಿಮೂರು ಫಾರಂ. ಅಷ್ಟನ್ನೂ ಒಟ್ಟಿಗೆ ಜೋಡಿಸಿ ನಿಲ್ಲಿಸಬೇಕಾದರೆ ಸುಮಾರು ಐದು ಕ್ವಿಂಟಾಲ್ ಸೀಸ ಬೇಕು. ಇದಾದರೂ ಪುಟದಲ್ಲಿ ಕುಳಿತ ಮೊಳೆಯ ಲೆಕ್ಕ ಮಾತ್ರ. ಕೇಸಿನ ಗೂಡುಗಳಲ್ಲಿ ಕೆಲಸವಿಲ್ಲದೆ ಬಿದ್ದಿರುವುದು ಬೇರೆ. ಇಂಗ್ಲಿಷಿಗೆ ದೊಡ್ಡಕ್ಷರ ಚಿಕ್ಕಕ್ಷರಗಳ ಎರಡು ಕೇಸಿದ್ದರೆ ಸಾಕು. ಕನ್ನಡಕ್ಕೆ ಗುಣಿತಾಕ್ಷರಗಳು, ಒತ್ತುಗಳು, ದೀರ್ಘ, ಏತ್ವ, ಐತ್ವ ಎಂದು ಕೇಸಿನ ಮೇಲೆ ಕೇಸು. ಙಕಾರ, ಞಕಾರಗಳು ವರ್ಷಕ್ಕೊಮ್ಮೆ ಬೇಕಾಗುತ್ತವೆಂದು ಬಿಡುವಂತಿಲ್ಲ. ಬೇಕಾದ ದಿನ ಇಲ್ಲದಿದ್ದರೆ ಪುಟವೇ ನಿಲ್ಲುತ್ತದೆ.

ಆದ್ದರಿಂದ ಸಣ್ಣ ಅಚ್ಚುಕೂಟದ ಬಳಿ ಇರುತ್ತಿದ್ದದ್ದು ಎರಡು, ಹೆಚ್ಚೆಂದರೆ ಮೂರು ಫಾರಂಗಳಿಗೆ ಆಗುವಷ್ಟು ಮೊಳೆ. ಹದಿನಾರು ಪುಟ ಜೋಡಿಸಿ, ಕರಡು ತೆಗೆದು, ತಿದ್ದಿಸಿ, ಅಚ್ಚು ಹಾಕಿ, ಆ ಮೊಳೆಗಳನ್ನು ಒಂದೊಂದಾಗಿ ಬಿಚ್ಚಿ ಗೂಡುಗಳಿಗೆ ಹಾಕಿದ ಮೇಲೆಯೇ ಮುಂದಿನ ಪುಟಗಳಿಗೆ ಕೈ ಹಾಕುವುದು. ಹದಿನೇಳನೆಯ ಪುಟ ಜೋಡಣೆಯಾಗುವ ವೇಳೆಗೆ ಮೊದಲ ಪುಟ ಭೂಮಿಯ ಮೇಲೆ ಇರುತ್ತಿರಲಿಲ್ಲ. ಕಾದಂಬರಿಕಾರರು ಹನ್ನೊಂದನೆಯ ಅಧ್ಯಾಯದಲ್ಲಿ ನಾಯಕಿಯ ಹೆಸರನ್ನು ಬದಲಾಯಿಸಬೇಕೆಂದರೆ ಅದು ಆಗದ ಮಾತು. ‘ಪುನರ್ಮುದ್ರಣ’ವೆಂಬ ಮಾತಿಗೂ ಆ ಕಾಲದಲ್ಲಿ ಅರ್ಥವಿರಲಿಲ್ಲ, ಎರಡನೆಯ ಆವೃತ್ತಿಯೆಂದರೆ ಮೊದಲ ಅಕ್ಷರದಿಂದ ಮತ್ತೆ ಜೋಡಣೆ, ಹೊಸ ತಪ್ಪುಗಳು, ಹೊಸ ಪುಟಸಂಖ್ಯೆ. ಸಾವಿರ ಪ್ರತಿ ಹಾಕಿಸುವ ರೂಢಿ ಬೆಳೆದದ್ದೂ ಇದರಿಂದಲೇ: ಇನ್ನೂರು ಪ್ರತಿಗೂ ಸಾವಿರಕ್ಕೂ ಜೋಡಣೆಯ ಕೂಲಿ ಒಂದೇ. ಓದುಗರು ಸಾವಿರವಿದ್ದಾರೆಯೇ ಎಂಬುದು ಬೇರೆ ಪ್ರಶ್ನೆ. ಇಲ್ಲದಿದ್ದಾಗ ಉಳಿದ ಫಾರಂಗಳು ಹೊಲಿಗೆಯಿಲ್ಲದೆ ಅಚ್ಚುಕೂಟದ ಅಟ್ಟವನ್ನು ಸೇರುತ್ತಿದ್ದವು. ಲೇಖಕರು ಹಣ ಒದಗಿಸಿದಾಗ ನೂರು, ಐವತ್ತು ಎಂದು ಇಳಿಸಿ ಹೊಲಿದು ಕೊಡುತ್ತಿದ್ದೆವು. ಕೆಲವು ಮಹಾಕಾವ್ಯಗಳ ಕೊನೆಯ ಓದುಗ ಗೆದ್ದಲು.

ಲೇಖಕರು ಕರಡನ್ನು ಎಷ್ಟು ಬೇಗ ಹಿಂತಿರುಗಿಸುತ್ತಾರೆ ಎಂಬುದರ ಮೇಲೆ ನಮ್ಮ ಮನೆಯ ಒಲೆ ಉರಿಯುತ್ತಿತ್ತು. ಅವರ ಮೇಜಿನ ಮೇಲೆ ಕಾಗದ ಕುಳಿತಷ್ಟು ದಿನವೂ ಇಲ್ಲಿ ನಮ್ಮ ಸೀಸ ದಾರ ಬಿಗಿಸಿಕೊಂಡು ಕುಳಿತಿರುತ್ತದೆ. ಹಿರಿಯ ಸಾಹಿತಿಗಳೊಬ್ಬರು ಕರಡು ಬಂದಾಗಲೇ ತಮ್ಮ ನಿಜವಾದ ಸ್ಫೂರ್ತಿಯನ್ನು ಪಡೆಯುತ್ತಿದ್ದರು. ಅಂಚಿನ ಜಾಗ ಸಾಲದೆ ಬೇರೆ ಹಾಳೆಗಳನ್ನು ಅಂಟಿಸಿ ಕಳುಹಿಸುವರು. ನಮ್ಮ ಹಿರಿಯ ಕಂಪೋಸಿಟರು ಅದನ್ನು ಬೆಳಕಿಗೆ ಹಿಡಿದು, “ಸ್ವಾಮೀ, ಇವರು ಕರಡು ತಿದ್ದಿಲ್ಲ, ಕಾದಂಬರಿಯನ್ನೇ ಮತ್ತೆ ಬರೆದಿದ್ದಾರೆ, ಕೂಲಿ ಒಂದಕ್ಕೋ ಎರಡಕ್ಕೋ ಕೇಳಿಬಿಡಿ” ಎಂದರು. ಕೇಳುವ ಧೈರ್ಯ ನನಗೆ ಬರಲಿಲ್ಲ. ಅವರು ನನಗೆ ಪಾಠ ಹೇಳಿದ ಮೇಷ್ಟರು. ಎರಡನೆಯ ಕೂಲಿಯನ್ನು ನಾನೇ ಕೊಟ್ಟೆ.

ಮುದ್ರಣದೋಷಗಳಿಗೆ ಕನ್ನಡದಲ್ಲಿ ‘ಮುದ್ರಾರಾಕ್ಷಸ’ನೆಂಬ ಹೆಸರು ಬಿದ್ದಿದೆ. ವಿಶಾಖದತ್ತನ ನಾಟಕಕ್ಕೂ ಈ ರಾಕ್ಷಸನಿಗೂ ಸಂಬಂಧವಿಲ್ಲದಿದ್ದರೂ ಹೆಸರು ಸೊಗಸಾಗಿದೆ. ಈ ರಾಕ್ಷಸನ ಜನ್ಮಸ್ಥಾನ ಎಲ್ಲ ಸಲವೂ ಅಜಾಗರೂಕತೆಯಲ್ಲ. ಕನ್ನಡದ ಧ, ಭ, ಢ, ಫಗಳ ಮಹಾಪ್ರಾಣ ಇರುವುದು ಕೆಳಗಿನ ಒಂದು ಸೀಳಿನಲ್ಲಿ. ಮೊಳೆ ಹಳೆಯದಾಗಿ ಆ ಎಳೆ ಸವೆದರೆ ಅಕ್ಷರದ ಉಸಿರೇ ಹೋಗುತ್ತದೆ: ಧನ ದನವಾಗುತ್ತದೆ, ಫಲ ಪಲವಾಗುತ್ತದೆ. ಸಂಘದ ವಾರ್ಷಿಕ ವರದಿಯಲ್ಲಿ ಮಾನ್ಯ ಅಧ್ಯಕ್ಷರು ಸಲ್ಲಿಸಿದ ಧನಸಹಾಯ ದನಸಹಾಯವಾದರೆ ಓದಿದವರು ನಗಬಹುದು. ಹೊಸ ಮೊಳೆಗೆ ಹಣ ಹೊಂದಿಸಬೇಕಾದವನಿಗೆ ನಗೆ ಬರುವುದಿಲ್ಲ. ಭಾಷೆಯ ಶುದ್ಧಿ ಎಂಬುದು ಅಚ್ಚುಕೂಟದಲ್ಲಿ ಫೌಂಡ್ರಿಯ ಬಿಲ್ಲಿನ ಪ್ರಶ್ನೆ.

ಹಾಗಾದರೆ ಹಣ ಬರುತ್ತಿದ್ದದ್ದೆಲ್ಲಿಂದ? ಸಾಹಿತ್ಯದಿಂದ ಅಲ್ಲವೆಂಬುದನ್ನು ಹೇಳಬೇಕಾಗಿಲ್ಲ. ಅಚ್ಚುಕೂಟದ ವರ್ಷಕ್ಕೆ ಅದರದೇ ಆದ ಪಂಚಾಂಗವಿತ್ತು. ಮಾಘದಿಂದ ಜ್ಯೇಷ್ಠದವರೆಗೆ ಲಗ್ನಪತ್ರಿಕೆಗಳ ಕಾಲ. ಮದುವೆಯ ಯಜಮಾನರು ಸಂಜೆ ಬಂದು ನಾಳೆ ಬೆಳಿಗ್ಗೆ ಬೇಕೆನ್ನುವರು. ಮರೆತ ಸೋದರಮಾವನ ಹೆಸರು ಅಚ್ಚು ಅರ್ಧ ಆದ ಮೇಲೆ ನೆನಪಾಗುವುದು. ಅದೇ ಕಾಲದಲ್ಲಿ ಬಿಸಿಲು. ಶಾಯಿ ಹಚ್ಚುವ ರೋಲರುಗಳನ್ನು ಆಗ ಸರೇಸು ಮತ್ತು ಬೆಲ್ಲವನ್ನು ಕಾಯಿಸಿ ಎರಕ ಹೊಯ್ಯುತ್ತಿದ್ದರು. ಏಪ್ರಿಲ್ಲಿನ ಮಧ್ಯಾಹ್ನಕ್ಕೆ ಅವು ಮೆತ್ತಗಾಗಿ ಇಳಿಯುವುವು, ರಾತ್ರಿ ಇಲಿಗಳಿಗೆ ಔತಣವಾಗುವುವು. ಅತ್ಯಂತ ದುಡಿಮೆಯ ತಿಂಗಳಿನಲ್ಲೇ ಯಂತ್ರ ಕೈಕೊಡುವುದು. ಒದ್ದೆ ಗೋಣಿ ಹೊದಿಸಿ, ಬೆಳಗಿನ ಜಾವ ನಾಲ್ಕಕ್ಕೆ ಎದ್ದು ಟ್ರೆಡಲ್ ತುಳಿಯುತ್ತಿದ್ದೆವು. ಜೂನಿನಲ್ಲಿ ಶಾಲೆಗಳ ರಸೀದಿ ಪುಸ್ತಕ, ಹಾಜರಿ ಪುಸ್ತಕ. ಶ್ರಾವಣದ ಮೇಲೆ ಗಣಪತಿಯ ಚಂದಾಪಟ್ಟಿ, ಹರಿಕಥೆಯ ಕರಪತ್ರ. ನಾಟಕ ಕಂಪೆನಿ ಮೊಕ್ಕಾಂ ಮಾಡಿದರೆ ದಿನಕ್ಕೊಂದು ಬಣ್ಣದ ತೆಳುಕಾಗದದ ಜಾಹೀರಾತು.

ಆಷಾಢದಲ್ಲಿ ಮದುವೆಯಿಲ್ಲ, ಧನುರ್ಮಾಸದಲ್ಲಿಯೂ ಇಲ್ಲ. ಆ ಎರಡು ತಿಂಗಳು ಕಂಪೋಸಿಟರರನ್ನು ಬರಿಗೈಯಲ್ಲಿ ಕೂರಿಸಲಾಗದೆ ಪುಸ್ತಕಗಳನ್ನು ಕೈಗೆತ್ತಿಕೊಳ್ಳುತ್ತಿದ್ದೆವು. ಸಣ್ಣ ಊರುಗಳ ಎಷ್ಟೋ ಕವನಸಂಗ್ರಹಗಳು ಆಷಾಢದ ಶಿಶುಗಳು. ಕನ್ನಡ ಸಾಹಿತ್ಯದ ಚರಿತ್ರೆಯನ್ನು ಬರೆದವರು ರಾಜಾಶ್ರಯವನ್ನೂ ಮಠಗಳ ಆಶ್ರಯವನ್ನೂ ವಿಸ್ತಾರವಾಗಿ ಹೇಳಿದ್ದಾರೆ; ಇಪ್ಪತ್ತನೆಯ ಶತಮಾನದ ಮಟ್ಟಿಗೆ ಲಗ್ನಪತ್ರಿಕೆಯ ಆಶ್ರಯಕ್ಕೂ ಒಂದು ಪುಟವನ್ನು ಕೊಡಬಹುದು.

ಪುಸ್ತಕದ ಬಾಕಿ ವಸೂಲಾಗುವುದು ಅಪೂರ್ವ. ಮುಂಗಡ ಚಂದಾದಾರರನ್ನು ನೆಚ್ಚಿ 1933ರಲ್ಲಿ ಧಾರವಾಡದಲ್ಲಿ ಮನೋಹರ ಗ್ರಂಥಮಾಲೆಯನ್ನು ಆರಂಭಿಸಿದ ಜಿ. ಬಿ. ಜೋಶಿಯವರಂಥ ಪ್ರಕಾಶಕರು ಎಲ್ಲ ಊರಿನಲ್ಲಿಯೂ ಇರಲಿಲ್ಲ. ಪುಸ್ತಕದ ಗಂಟನ್ನು ಹೊತ್ತು ಊರೂರು ತಿರುಗಿ ಮಾರಿದ ಗಳಗನಾಥರ ಕಾಲಿನ ಬಲ ಎಲ್ಲ ಲೇಖಕರಿಗೂ ಇರಲಿಲ್ಲ. ಶಿವರಾಮ ಕಾರಂತರಂತೆ ಪುತ್ತೂರಿನಲ್ಲಿ ಸ್ವಂತ ಮುದ್ರಣಾಲಯವನ್ನೇ ಇಟ್ಟವರು ಎಲ್ಲೋ ಕೆಲವರು. ಉಳಿದವರು ಬಾಕಿಯ ಬದಲು ಪ್ರತಿಗಳನ್ನು ಬಿಟ್ಟು ಹೋಗುತ್ತಿದ್ದರು. ಶನಿವಾರ ಸಂಜೆ ಕೂಲಿಗೆ ಕಾದು ನಿಂತವರಿಗೆ ಭಾವಗೀತೆಗಳನ್ನು ಹಂಚಲು ಬರುವುದಿಲ್ಲ.

ಆ ಕಾದು ನಿಂತವರ ವಿಷಯ ಹೇಳದಿದ್ದರೆ ಈ ಮಾತು ಪೂರ್ಣವಾಗದು. ನುರಿತ ಕೈ ದಿನಕ್ಕೆ ನಾಲ್ಕು ಪುಟ ಜೋಡಿಸಿದರೆ ಅದು ನಮ್ಮಲ್ಲಿ ಒಳ್ಳೆಯ ದುಡಿಮೆ. ಬೆಳಗಿನಿಂದ ಸಂಜೆಯವರೆಗೆ ನಿಂತೇ ಕೆಲಸ. ಬೆರಳ ತುದಿಯಲ್ಲಿ ಸೀಸದ ಕಪ್ಪು. ತಿಂಗಳಿಗಿಷ್ಟೆಂದು ಬೆಲ್ಲ, ವಾರಕ್ಕಿಷ್ಟು ಬಾಳೆಹಣ್ಣು ಕೊಡುವ ಪದ್ಧತಿಯನ್ನು ತಂದೆಯವರು ಇಟ್ಟಿದ್ದರು. ಸೀಸದ ನಂಜನ್ನು ಬೆಲ್ಲ ಇಳಿಸುತ್ತದೆಂಬ ನಂಬಿಕೆ. ಅದು ಇಳಿಸುವುದಿಲ್ಲ. ಊಟಕ್ಕೆ ಮೊದಲು ಕೈಯನ್ನು ಸೋಪಿನಿಂದ ತೊಳೆಯುವುದು, ಕಿಟಕಿ ದೊಡ್ಡದಿರುವುದು, ಗೂಡುಗಳ ಧೂಳನ್ನು ಒಳಗೆ ಕೊಡಹದಿರುವುದು ಇವೇ ಉಪಾಯ. ಬಾಡಿಗೆಯ ಕಟ್ಟಡದಲ್ಲಿ ಕಿಟಕಿ ಒಂದೇ ಇತ್ತು. ಕಣ್ಣು ಮಂಜಾದ ಮೇಲೂ ಬೆರಳಿನ ನೆನಪಿನಿಂದಲೇ ಗೂಡು ತಪ್ಪದೆ ಮೊಳೆ ಎತ್ತುತ್ತಿದ್ದವರನ್ನು ನಾನು ಕಂಡಿದ್ದೇನೆ. ಅವರು ಓದಿದಷ್ಟು ಕನ್ನಡವನ್ನು, ಅದೂ ತಿರುಗುಮುರುಗಾಗಿ, ಯಾವ ಪಂಡಿತರೂ ಓದಿರಲಾರರು.

ಇನ್ನು ಕಾನೂನಿನ ಭಯ. 1910ರ ಪ್ರೆಸ್ ಕಾಯಿದೆಯಲ್ಲಿ, ಬ್ರಿಟಿಷರ ಆಳ್ವಿಕೆಗೆ ಸೇರಿದ ಧಾರವಾಡ, ಬೆಳಗಾವಿ, ಮಂಗಳೂರು, ಬಳ್ಳಾರಿಗಳಲ್ಲಿ ಹೊಸದಾಗಿ ಅಚ್ಚುಕೂಟ ಇಡುವವನಿಂದ ಐನೂರರಿಂದ ಎರಡು ಸಾವಿರ ರೂಪಾಯಿಯವರೆಗೆ ಠೇವಣಿ ಕೇಳಬಹುದಾಗಿತ್ತು. ಸರ್ಕಾರಕ್ಕೆ ಸರಿಕಾಣದ್ದೇನಾದರೂ ಅಚ್ಚಾದರೆ ಠೇವಣಿ ಮುಟ್ಟುಗೋಲು. ಮತ್ತೆ ತೆರೆಯಬೇಕಾದರೆ ಸಾವಿರದಿಂದ ಹತ್ತು ಸಾವಿರ. ಆಮೇಲೂ ತಪ್ಪಿದರೆ ಯಂತ್ರವೇ ಹೋಯಿತು. ಬರೆದವನ ವಿಚಾರಣೆ ನ್ಯಾಯಾಲಯದಲ್ಲಿ ನಿಧಾನವಾಗಿ ನಡೆಯಬಹುದು. ಅಚ್ಚು ಹಾಕಿದವನ ಗಂಟು ಒಂದು ಆಜ್ಞೆಯಿಂದ ಕರಗುತ್ತಿತ್ತು. ಲೇಖನಿಯನ್ನು ಹೆದರಿಸುವುದಕ್ಕಿಂತ ಯಂತ್ರದ ಒಡೆಯನನ್ನು ಹೆದರಿಸುವುದು ಸುಲಭವೆಂದು ಆ ಕಾಯಿದೆ ಬರೆದವರಿಗೆ ಗೊತ್ತಿತ್ತು. 1922ರಲ್ಲಿ ಅದು ರದ್ದಾಯಿತು. 1931ರಲ್ಲಿ ಬೇರೆ ಹೆಸರಿನಲ್ಲಿ ಮರಳಿತು. ಮೈಸೂರು ಸಂಸ್ಥಾನದಲ್ಲಿಯೂ 1908ರಲ್ಲಿ ಪತ್ರಿಕೆಗಳನ್ನು ಬಿಗಿಹಿಡಿಯುವ ಶಾಸನ ಬಂದಾಗ ತಾತಯ್ಯನೆಂದು ಜನ ಕರೆದ ಎಂ. ವೆಂಕಟಕೃಷ್ಣಯ್ಯನವರು ತಮ್ಮ ಪತ್ರಿಕೆಗಳನ್ನೇ ನಿಲ್ಲಿಸಿ ಪ್ರತಿಭಟಿಸಿದರು.

ಸ್ವಾತಂತ್ರ್ಯಾನಂತರ ಈ ಭಯ ತೀರಿತೆಂದುಕೊಂಡಿದ್ದೆವು. ತುರ್ತು ಪರಿಸ್ಥಿತಿಯಲ್ಲಿ, 1976ರ ಆಕ್ಷೇಪಾರ್ಹ ಪ್ರಕಟಣೆಗಳ ಕಾಯಿದೆಯಲ್ಲಿ, ಮುದ್ರಣಾಲಯದಿಂದ ಠೇವಣಿ ಕೇಳುವ ಅಧಿಕಾರ ಮತ್ತೆ ತಲೆಯೆತ್ತಿತು. ಮರುವರ್ಷ ಕಾಯಿದೆಯೇ ಹೋಯಿತು. ಆ ದಿನಗಳಲ್ಲಿ ಒಂದು ರಾತ್ರಿ ಪರಿಚಯದ ಹುಡುಗನೊಬ್ಬ ನಾಲ್ಕು ಹಾಳೆಗಳನ್ನು ಮಡಿಸಿ ತಂದು, ಮುದ್ರಕರ ಹೆಸರಿಲ್ಲದೆ ಐನೂರು ಪ್ರತಿ ಹಾಕಿಕೊಡಬೇಕೆಂದ. ಅವನು ಬರೆದದ್ದರಲ್ಲಿ ಸುಳ್ಳೊಂದೂ ನನಗೆ ಕಾಣಲಿಲ್ಲ. ನನ್ನ ಹಿಂದೆ ಆರು ಜನ ಕೆಲಸಗಾರರ ಸಂಸಾರಗಳಿದ್ದವು. ಊರಿನ ಪೋಲೀಸರಿಗೆ ಹೆಸರಿಲ್ಲದ ಕರಪತ್ರ ಸಿಕ್ಕರೂ ಮೊಳೆಯ ಮುಖವನ್ನು, ಅದರ ಸವೆತವನ್ನು ನೋಡಿದರೆ ಯಾರ ಅಚ್ಚೆಂದು ಗುರುತು ಹತ್ತುತ್ತದೆ. ಆಗುವುದಿಲ್ಲವೆಂದೆ. ಅವನು ಒಂದೂ ಮಾತಾಡದೆ ಹಾಳೆಗಳನ್ನು ಅಂಗಿಯೊಳಗೆ ಇಟ್ಟುಕೊಂಡು ಹೋದ. ಅದೇ ಸ್ಥಿತಿಯಲ್ಲಿ ಹೌದೆಂದ ಮುದ್ರಕರೂ ನಾಡಿನಲ್ಲಿ ಇದ್ದರು. ಅವರ ಹೆಸರು ಆ ಕಾಗದಗಳ ಮೇಲೆ ಇಲ್ಲವಾದ್ದರಿಂದ ಯಾವ ಪಟ್ಟಿಯಲ್ಲಿಯೂ ಸಿಕ್ಕುವುದಿಲ್ಲ.

ಚುನಾವಣೆಯ ಕರಪತ್ರಗಳದು ಇನ್ನೊಂದು ಬಗೆ. 1961ರಲ್ಲಿ ಪ್ರಜಾಪ್ರಾತಿನಿಧ್ಯ ಕಾಯಿದೆಗೆ ಸೇರಿಸಿದ ವಿಧಿಯಂತೆ ಮುದ್ರಕನ ಮತ್ತು ಪ್ರಕಾಶಕನ ಹೆಸರು ವಿಳಾಸಗಳಿಲ್ಲದೆ ಅವನ್ನು ಅಚ್ಚು ಹಾಕುವಂತಿಲ್ಲ. ಹಾಕಿಸುವವನಿಂದ ಇಬ್ಬರ ಸಾಕ್ಷಿಯೊಡನೆ ಘೋಷಣೆ ಬರೆಸಿಕೊಂಡು ಅದನ್ನೂ ಒಂದು ಪ್ರತಿಯನ್ನೂ ಅಧಿಕಾರಿಗಳಿಗೆ ಕಳುಹಿಸಬೇಕು. ಗೆದ್ದವರು ವಿಜಯೋತ್ಸವದಲ್ಲಿ ಬಿಲ್ಲನ್ನು ಮರೆಯುವರು, ಸೋತವರು ಊರು ಬಿಡುವರು. ಮುಂಗಡವಿಲ್ಲದೆ ಮೊಳೆ ಮುಟ್ಟಬಾರದೆಂಬ ನಿಯಮವನ್ನು ತಂದೆಯವರು ಗೋಡೆಯ ಮೇಲೆ ಬರೆಸಿದ್ದರು.

ಕಾಗದದ ಕಷ್ಟಕ್ಕೆ ಪ್ರತ್ಯೇಕ ಭಾಷಣವೇ ಬೇಕು. ಎರಡನೆಯ ಮಹಾಯುದ್ಧದ ಕಾಲದ ನಿಯಂತ್ರಣವನ್ನು ತಂದೆಯವರು ಬರಗಾಲವನ್ನು ನೆನೆಯುವಂತೆ ನೆನೆಯುತ್ತಿದ್ದರು. 1936ರಲ್ಲಿ ಭದ್ರಾವತಿಯಲ್ಲಿ ಸ್ಥಾಪನೆಯಾದ ಕಾಗದದ ಕಾರ್ಖಾನೆ ನಮ್ಮವರ ಪಾಲಿಗೆ ದೊಡ್ಡ ಆಸರೆಯಾಗಿತ್ತು. ಈಗ ಅಲ್ಲಿಯೂ ಯಂತ್ರಗಳು ನಿಂತಿವೆ.

ಎಂಬತ್ತರ ದಶಕದ ಕೊನೆಗೆ ಆಫ್‌ಸೆಟ್ಟು, ಅದರ ಬೆನ್ನಿಗೆ ಗಣಕಯಂತ್ರದ ಅಕ್ಷರಜೋಡಣೆ ಬಂದವು. ಕೆ. ಪಿ. ರಾವ್ ಅವರಂಥವರ ದುಡಿಮೆಯಿಂದ ಕನ್ನಡದ ಗುಣಿತವೂ ಒತ್ತೂ ಕೀಲಿಮಣೆಗೆ ಒಗ್ಗಿದವು. ತೂಕವಿಲ್ಲದ ಅಕ್ಷರಗಳು, ಐದು ಕ್ವಿಂಟಾಲಿನ ಕಾದಂಬರಿ ಜೇಬಿನಲ್ಲಿ ಕೂಡುತ್ತದೆ, ಕೊನೆಯ ಅಧ್ಯಾಯದಲ್ಲಿ ಕುಳಿತು ಮೊದಲನೆಯದನ್ನು ತಿದ್ದಬಹುದು. ಇದನ್ನು ನಾನು ಕೇಡೆನ್ನುವವನಲ್ಲ. ನಮ್ಮ ಕಂಪೋಸಿಟರರಲ್ಲಿ ಕಿರಿಯರಿಬ್ಬರು ಆರು ತಿಂಗಳಲ್ಲಿ ಕೀಲಿಮಣೆ ಕಲಿತರು. ಹಿರಿಯರಿಗೆ ಅದು ಆಗಲಿಲ್ಲ. ಒಬ್ಬರು ದೇವಸ್ಥಾನದ ಲೆಕ್ಕ ಬರೆಯಲು ಹೋದರು, ಒಬ್ಬರು ಮಗನ ಊರಿಗೆ. 1867ರ ಆ ಕಾಯಿದೆಯೂ ಈಗಿಲ್ಲ. 2023ರಲ್ಲಿ ಅಂಗೀಕಾರವಾದ ಹೊಸ ಕಾಯಿದೆ 2024ರ ಮಾರ್ಚಿಯಿಂದ ಅದರ ಸ್ಥಾನದಲ್ಲಿ ಬಂದಿದೆ. ಮ್ಯಾಜಿಸ್ಟ್ರೇಟರ ಮುಂದೆ ನಿಂತು ಘೋಷಣೆ ಮಾಡಬೇಕಾಗಿಲ್ಲ.

ಮೊಳೆಗಳನ್ನು ಕೊಳ್ಳಲು ಬಂದವನು ಹಳೆಯ ಬ್ಯಾಟರಿಗಳ ಸೀಸವನ್ನು ಕೊಳ್ಳುವ ವ್ಯಾಪಾರಿ. ಹನ್ನೆರಡು ಪಾಯಿಂಟಿನದು, ಹದಿನಾಲ್ಕರದು, ದಪ್ಪಕ್ಷರ ಎಂದು ನಾನು ಬೇರೆ ಬೇರೆ ಇಟ್ಟಿದ್ದೆ. ಅವನು ಎಲ್ಲವನ್ನೂ ಗೋಣಿಗೆ ಸುರಿದು ತಕ್ಕಡಿಗೆ ಏರಿಸಿದ. ಎರಡು ದಿನ ಹಿಡಿಯಿತು. ಒತ್ತಕ್ಷರಗಳ 2 ಕೇಸು ಮಾತ್ರ ನಮ್ಮ ಹಿರಿಯ ಕಂಪೋಸಿಟರು ಕೇಳಿಕೊಂಡರೆಂದು ಅವರ ಮನೆಗೆ ಕಳುಹಿಸಿದೆ. ಏಕೆ ಬೇಕೆಂದು ನಾನು ಕೇಳಲಿಲ್ಲ.